ರಾಮನಗರ ಪ್ರದೇಶದಲ್ಲಿ ಚಿರತೆ ಸಂರಕ್ಷಣೆ

ಕರ್ನಾಟಕದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಕಲ್ಲುಬೆಟ್ಟಗಳು, ಕುರುಚಲು ಕಾಡುಗಳು ಹಾಗೂ ಅವುಗಳಿಗೆ ಹೊಂದಿಕೊಂಡ ಕೃಷಿಭೂಮಿಗಳು ಚಿರತೆಯ ನೆಲೆಗಳಾಗಿವೆ. ಕಾಡಿನ ಮಾರ್ಜಾಲಗಳ ರಕ್ಷಣೆಗಾಗಿ ರೂಪುಗೊಂಡ ಅಂತರರಾಷ್ಟ್ರೀಯ ಒಪ್ಪಂದಗಳು ಮತ್ತು ಭಾರತದ ವನ್ಯಜೀವಿ ಕಾನೂನು ಈ ಪ್ರದೇಶದ ಚಿರತೆಗಳಿಗೂ ಅನ್ವಯಿಸುತ್ತವೆ. ಆದರೆ ಇಲ್ಲಿ ಹಲವು ಚಿರತೆಗಳು ರಾಷ್ಟ್ರೀಯ ಉದ್ಯಾನ ಅಥವಾ ವನ್ಯಧಾಮಗಳ ಗಡಿಯ ಹೊರಗೆ, ಊರುಗಳ ಸಮೀಪದಲ್ಲೇ ವಾಸಿಸುತ್ತವೆ. ಆದ್ದರಿಂದ ಬೇಟೆ ಮತ್ತು ಚರ್ಮದ ವ್ಯಾಪಾರವನ್ನು ತಡೆಯುವುದರ ಜೊತೆಗೆ ಬೆಟ್ಟಗಳನ್ನು ಉಳಿಸುವುದು, ಜನರ ಪ್ರಾಣ ಹಾಗೂ ಜಾನುವಾರುಗಳನ್ನು ಕಾಪಾಡುವುದು ಕೂಡ ಇಲ್ಲಿನ ಸಂರಕ್ಷಣೆಯ ಭಾಗವಾಗಿದೆ.

ಭೌಗೋಳಿಕ ಹಿನ್ನೆಲೆ

ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಲಾಯಿತು. ಇಲ್ಲಿನ ಬೆಟ್ಟಗಳನ್ನು ರೂಪಿಸಿರುವ ಶಿಲೆಗೆ ಭೂವಿಜ್ಞಾನದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಹೆಸರಿದೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಿಂದಿನ ಹೆಸರು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಶಿಲೆ ಉತ್ತರ ದಕ್ಷಿಣವಾಗಿ ಉದ್ದನೆಯ ಪಟ್ಟಿಯಂತೆ ಹಬ್ಬಿದ್ದು, ಮಾಗಡಿಯ ಸಾವನದುರ್ಗ, ರಾಮನಗರದ ರಾಮದೇವರ ಬೆಟ್ಟ ಮೊದಲಾದ ಬೆಟ್ಟಗಳು ಇದೇ ಸಾಲಿಗೆ ಸೇರಿವೆ.

ಬಂಡೆಗಳ ನಡುವಿನ ಗವಿ ಮತ್ತು ಪೊಟರೆಗಳು ಚಿರತೆಗೆ ಹಗಲಿನಲ್ಲಿ ಅಡಗಲು, ಮರಿ ಹಾಕಲು ಅನುಕೂಲವಾದ ತಾಣಗಳು. ಬೆಟ್ಟಗಳ ಬುಡದಲ್ಲಿ ರಾಗಿ ಹೊಲ, ಹಿಪ್ಪುನೇರಳೆ ತೋಟ, ಮಾವಿನ ತೋಪು ಮತ್ತು ತೆಂಗಿನ ತೋಟಗಳಿವೆ. ಪ್ರದೇಶದ ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಎರಡು ಸಂರಕ್ಷಿತ ಪ್ರದೇಶಗಳಿವೆ. 1974ರಲ್ಲಿ ಸ್ಥಾಪನೆಯಾದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಒಂದು ಭಾಗ ಕನಕಪುರದ ಕಡೆಗೆ ಚಾಚಿಕೊಂಡಿದೆ. 1987ರಲ್ಲಿ ಘೋಷಿತವಾಗಿ, ನಂತರ ವಿಸ್ತರಣೆಗೊಂಡ ಕಾವೇರಿ ವನ್ಯಧಾಮವು ಕನಕಪುರ ತಾಲ್ಲೂಕಿನ ಸಂಗಮ ಮತ್ತು ಮೇಕೆದಾಟು ಸುತ್ತಲಿನ ಕಾಡುಗಳನ್ನು ಒಳಗೊಂಡಿದೆ. ಸಾವನದುರ್ಗ, ಹಂದಿಗುಂದಿ, ತೆಂಗಿನಕಲ್ಲು ಮುಂತಾದ ಅರಣ್ಯಗಳು ಈ ಎರಡರ ಹೊರಗಿವೆ.

ಮಾರ್ಜಾಲ ಪ್ರಭೇದಗಳು

ಭಾರತದಲ್ಲಿ ಕಾಣಸಿಗುವ ಚಿರತೆಯು ಪ್ಯಾಂಥೆರಾ ಪಾರ್ಡಸ್ ಫುಸ್ಕಾ ಎಂಬ ಉಪಪ್ರಭೇದಕ್ಕೆ ಸೇರಿದೆ. ಹಳೆ ಮೈಸೂರು ಸೀಮೆಯ ಗ್ರಾಮಗಳಲ್ಲಿ ಇದನ್ನು ಕಿರುಬ ಎಂದೂ ಕರೆಯುವುದುಂಟು. ಕತ್ತೆಕಿರುಬ ಎಂಬುದು ಇದಕ್ಕೆ ಸಂಬಂಧಿಸದ ಬೇರೆ ಪ್ರಾಣಿ. ಚಿರತೆಯ ಆಹಾರ ವೈವಿಧ್ಯಮಯವಾದುದು. ಜಿಂಕೆ, ಕಾಡುಹಂದಿ, ಮೊಲ, ಕೋತಿ ಮತ್ತು ನವಿಲುಗಳ ಜೊತೆಗೆ ಬೀದಿನಾಯಿ, ಕುರಿ, ಮೇಕೆ ಮತ್ತು ಕರುಗಳನ್ನೂ ಅದು ಹಿಡಿಯುತ್ತದೆ. ದೊಡ್ಡ ಬಲಿಪ್ರಾಣಿಗಳಿಲ್ಲದ ಕಡೆಗಳಲ್ಲಿಯೂ ಬದುಕಬಲ್ಲ ಈ ಗುಣದಿಂದಾಗಿ, ಹುಲಿ ನೆಲೆಸಲಾಗದ ಸಣ್ಣ ಬೆಟ್ಟಗಳಲ್ಲೂ ಚಿರತೆ ಉಳಿದುಕೊಂಡಿದೆ. ಕಾವೇರಿ ವನ್ಯಧಾಮದಲ್ಲಿ ಹುಲಿಗಳೂ ವಿರಳವಾಗಿ ಕಂಡುಬರುತ್ತವೆ.

ದಕ್ಷಿಣ ಕರ್ನಾಟಕದ ಒಣ ಕಾಡುಗಳಲ್ಲಿ ಸಣ್ಣ ಮಾರ್ಜಾಲಗಳೂ ಇವೆ. ಕಾಡುಬೆಕ್ಕು ಹೊಲಗಳ ಅಂಚಿನಲ್ಲಿಯೂ ಇಲಿಗಳನ್ನು ಬೇಟೆಯಾಡಿ ಬದುಕುತ್ತದೆ. ತುಕ್ಕು ಬಣ್ಣದ ಚುಕ್ಕೆಗಳುಳ್ಳ ಪುಟ್ಟ ಬೆಕ್ಕು ಭಾರತ, ಶ್ರೀಲಂಕಾ ಮತ್ತು ನೇಪಾಳಗಳಲ್ಲಿ ಮಾತ್ರ ಇದ್ದು, ಏಷ್ಯಾದ ಅತ್ಯಂತ ಚಿಕ್ಕ ಕಾಡುಮಾರ್ಜಾಲವಾಗಿದೆ. ಅದರ ತೂಕ ಸಾಮಾನ್ಯವಾಗಿ 2 ಕಿಲೋಗ್ರಾಮನ್ನು ಮೀರುವುದಿಲ್ಲ. ಇದರ ಮರಿಗಳನ್ನು ಚಿರತೆಯ ಮರಿಗಳೆಂದು ತಪ್ಪಾಗಿ ಭಾವಿಸುವ ಸಾಧ್ಯತೆಯಿದೆ.

ಅಂತರರಾಷ್ಟ್ರೀಯ ಪ್ರಯತ್ನಗಳು

20ನೇ ಶತಮಾನದ ಮಧ್ಯಭಾಗದಲ್ಲಿ ಚುಕ್ಕೆಯುಳ್ಳ ಮಾರ್ಜಾಲಗಳ ಚರ್ಮಕ್ಕೆ ಯುರೋಪ್ ಮತ್ತು ಅಮೆರಿಕದ ಉಡುಪು ಮಾರುಕಟ್ಟೆಯಲ್ಲಿ ಭಾರಿ ಬೇಡಿಕೆಯಿತ್ತು. ಇದನ್ನು ತಡೆಯುವ ಪ್ರಮುಖ ಸಾಧನವಾಗಿ ಬಂದದ್ದು ಅಳಿವಿನಂಚಿನ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ, ಅಂದರೆ ಸೈಟಿಸ್. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಅಂಗೀಕೃತವಾದ ಇದು 1975ರ ಜುಲೈ 1ರಂದು ಜಾರಿಗೆ ಬಂದಿತು. ಭಾರತ 1976ರಲ್ಲಿ ಸದಸ್ಯ ರಾಷ್ಟ್ರವಾಯಿತು. ಚಿರತೆ ಮತ್ತು ಹುಲಿ ಈ ಒಪ್ಪಂದದ ಮೊದಲನೆಯ ಅನುಬಂಧದಲ್ಲಿವೆ. ಅತ್ಯಂತ ಕಟ್ಟುನಿಟ್ಟಿನ ನಿರ್ಬಂಧವಿರುವ ಪಟ್ಟಿ ಇದಾಗಿದೆ. ತುಕ್ಕುಚುಕ್ಕೆಯ ಬೆಕ್ಕಿನ ಭಾರತೀಯ ಸಂತತಿಯೂ ಇದೇ ಅನುಬಂಧದಲ್ಲಿದೆ. ಕಾಡುಬೆಕ್ಕು ಎರಡನೆಯ ಅನುಬಂಧದಲ್ಲಿದೆ.

ಒಪ್ಪಂದವಿದ್ದರೂ ಕಳ್ಳ ವ್ಯಾಪಾರ ನಿಂತಿಲ್ಲ. ವನ್ಯಜೀವಿ ವ್ಯಾಪಾರದ ಮೇಲೆ ನಿಗಾ ಇಡುವ ಟ್ರಾಫಿಕ್ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೂ ಹಿಂದಿನ ಸುಮಾರು ಒಂದು ದಶಕದ ಅವಧಿಯಲ್ಲಿ ಭಾರತದಲ್ಲಿ ವಾರಕ್ಕೆ ಕನಿಷ್ಠ 4 ಚಿರತೆಗಳ ಅಂಗಾಂಗಗಳು ಅಕ್ರಮ ವ್ಯಾಪಾರಕ್ಕೆ ಸೇರುತ್ತಿದ್ದವು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಮಾರ್ಜಾಲ ತಜ್ಞರ ಗುಂಪು ಪ್ರತಿಯೊಂದು ಪ್ರಭೇದದ ಸ್ಥಿತಿಯನ್ನು ಅಂದಾಜಿಸುತ್ತದೆ. ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಚಿರತೆಯನ್ನು 2016ರಲ್ಲಿ ಅಪಾಯಕ್ಕೊಳಗಾಗಬಲ್ಲ ಪ್ರಭೇದಗಳ ವರ್ಗಕ್ಕೆ ಸೇರಿಸಲಾಯಿತು. ಅದೇ ವರ್ಷ ಪ್ರಕಟವಾದ ಜಾಗತಿಕ ಅಧ್ಯಯನವೊಂದು ಚಿರತೆಯು ತನ್ನ ಐತಿಹಾಸಿಕ ನೆಲೆಯ ಶೇಕಡ 63ರಿಂದ 75ರಷ್ಟನ್ನು ಕಳೆದುಕೊಂಡಿದೆ ಎಂದು ಅಂದಾಜಿಸಿತು. ವಲಸೆ ಪ್ರಭೇದಗಳ ಒಪ್ಪಂದದ ಸದಸ್ಯ ರಾಷ್ಟ್ರಗಳು 2017ರಲ್ಲಿ ಮನಿಲಾದಲ್ಲಿ ಸಭೆ ಸೇರಿ ಚಿರತೆಯನ್ನು ಆ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಿದವು.

ಹುಲಿ ಯೋಜನೆಯ 50 ವರ್ಷಗಳ ಅಂಗವಾಗಿ 2023ರ ಏಪ್ರಿಲ್ 9ರಂದು ಮೈಸೂರಿನಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅಂತರರಾಷ್ಟ್ರೀಯ ದೊಡ್ಡ ಮಾರ್ಜಾಲಗಳ ಒಕ್ಕೂಟಕ್ಕೆ ಚಾಲನೆ ನೀಡಿದರು. ಹುಲಿ, ಸಿಂಹ, ಚಿರತೆ, ಹಿಮಚಿರತೆ, ಚೀತಾ, ಜಾಗ್ವಾರ್ ಮತ್ತು ಪ್ಯೂಮಾ ಎಂಬ 7 ಪ್ರಭೇದಗಳ ರಕ್ಷಣೆ ಇದರ ಉದ್ದೇಶ. ಭಾರತದಲ್ಲಿ ಕೇಂದ್ರ ಕಚೇರಿ ಹೊಂದಿರುವ ಈ ಒಕ್ಕೂಟಕ್ಕೆ ಕೇಂದ್ರ ಸಚಿವ ಸಂಪುಟವು 2024ರ ಫೆಬ್ರವರಿಯಲ್ಲಿ ಒಪ್ಪಿಗೆ ನೀಡಿತು. ಅದಕ್ಕಾಗಿ 5 ವರ್ಷಗಳ ಅವಧಿಗೆ 150 ಕೋಟಿ ರೂಪಾಯಿಗಳನ್ನು ನಿಗದಿಪಡಿಸಲಾಯಿತು.

ಭಾರತದ ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಚಿರತೆ ಸೇರಿದೆ. ಅದನ್ನು ಕೊಲ್ಲುವುದು, ಉರುಳು ಹಾಕಿ ಹಿಡಿಯುವುದು ಮತ್ತು ಅದರ ಚರ್ಮ, ಉಗುರು ಅಥವಾ ಹಲ್ಲುಗಳನ್ನು ಮಾರುವುದು ಶಿಕ್ಷಾರ್ಹ ಅಪರಾಧ. ಕಾಯ್ದೆಯ 11ನೇ ಪ್ರಕರಣದ ಪ್ರಕಾರ, ಮನುಷ್ಯರ ಪ್ರಾಣಕ್ಕೆ ಅಪಾಯವಾದಾಗ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಆದೇಶದ ಮೂಲಕ ಇಂತಹ ಪ್ರಾಣಿಯ ವಿರುದ್ಧ ಕ್ರಮಕ್ಕೆ ಅನುಮತಿ ನೀಡಬಹುದು. ಹಿಡಿಯಲು, ಅರಿವಳಿಕೆ ನೀಡಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಮನವರಿಕೆಯಾದ ನಂತರವೇ ಕೊಲ್ಲುವ ಆದೇಶ ನೀಡಬಹುದಾಗಿದೆ. ಸೈಟಿಸ್ ಒಪ್ಪಂದದ ನಿಯಮಗಳನ್ನು 2022ರ ತಿದ್ದುಪಡಿಯ ಮೂಲಕ ಈ ಕಾಯ್ದೆಯೊಳಗೆ ಅಳವಡಿಸಲಾಗಿದೆ.

ಸಂಖ್ಯೆಯ ಅಂದಾಜು

ಚಿರತೆಯ ಮೈಮೇಲಿನ ಗುರುತುಗಳು ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಕಾಡುದಾರಿಯ ಎರಡೂ ಬದಿಗಳಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನಿಟ್ಟು ತೆಗೆದ ಚಿತ್ರಗಳಿಂದ ಪ್ರತಿಯೊಂದು ಪ್ರಾಣಿಯನ್ನೂ ಗುರುತಿಸಿ, ಮರುಗುರುತಿಸುವಿಕೆಯ ಪ್ರಮಾಣವನ್ನು ಆಧರಿಸಿ ಒಟ್ಟು ಸಂಖ್ಯೆಯನ್ನು ಅಂದಾಜಿಸಲಾಗುತ್ತದೆ. 1990ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ಕರ್ನಾಟಕದ ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನಕ್ಕೆ ಬಳಸಿದ ಈ ವಿಧಾನ ನಂತರ ಜಗತ್ತಿನ ಹಲವೆಡೆ ಮಾರ್ಜಾಲಗಳ ಅಧ್ಯಯನಕ್ಕೆ ಮಾದರಿಯಾಯಿತು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಅವರ ತಂಡವು ಕಾವೇರಿ ವನ್ಯಧಾಮ, ಬನ್ನೇರುಘಟ್ಟ ಹಾಗೂ ಅವುಗಳ ಹೊರಗಿನ ಕಲ್ಲುಬೆಟ್ಟಗಳಲ್ಲಿ ಚಿರತೆಗಳ ಅಧ್ಯಯನ ನಡೆಸಿದೆ. ಗುಬ್ಬಿಯವರಿಗೆ 2017ರಲ್ಲಿ ಬ್ರಿಟನ್ನಿನ ವಿಟ್ಲಿ ಪ್ರಶಸ್ತಿ ದೊರೆಯಿತು.

2022ರ ರಾಷ್ಟ್ರೀಯ ಸಮೀಕ್ಷೆಯ ವರದಿಯನ್ನು 2024ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಲಾಯಿತು. ಅದರಂತೆ ಭಾರತದಲ್ಲಿ 13,874 ಹಾಗೂ ಕರ್ನಾಟಕದಲ್ಲಿ 1,879 ಚಿರತೆಗಳಿವೆ ಎಂದು ಅಂದಾಜಿಸಲಾಗಿದೆ. 2018ರಲ್ಲಿ ಈ ಸಂಖ್ಯೆಗಳು ಕ್ರಮವಾಗಿ 12,852 ಮತ್ತು 1,783 ಆಗಿದ್ದವು. ಈ ಸಮೀಕ್ಷೆ ಮುಖ್ಯವಾಗಿ ಹುಲಿಯ ನೆಲೆಗಳಿರುವ ಅರಣ್ಯಗಳಲ್ಲಿ ನಡೆಯುತ್ತದೆ. ಹೊಲ ತೋಟಗಳ ನಡುವಿನ ಬೆಟ್ಟಗಳಲ್ಲಿರುವ ಚಿರತೆಗಳು ಅದರ ವ್ಯಾಪ್ತಿಗೆ ಪೂರ್ಣವಾಗಿ ಬರುವುದಿಲ್ಲ. ಆದ್ದರಿಂದ ರಾಮನಗರದಂತಹ ಪ್ರದೇಶಗಳಲ್ಲಿ ಪ್ರತ್ಯೇಕ ಅಧ್ಯಯನಗಳು ಮುಖ್ಯವಾಗುತ್ತವೆ.

ಮಾನವ ಮತ್ತು ಚಿರತೆ ಸಂಘರ್ಷ

ಸಾಮಾನ್ಯವಾಗಿ ಚಿರತೆ ಮನುಷ್ಯರನ್ನು ಕಂಡು ದೂರ ಸರಿಯುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ನಷ್ಟ ಸಂಭವಿಸುವುದು ಕುರಿ, ಮೇಕೆ, ಕರು ಮತ್ತು ನಾಯಿಗಳಿಗೆ. ಕೆಲವೇ ಮೇಕೆಗಳನ್ನು ನಂಬಿ ಬದುಕುವ ಕುಟುಂಬಕ್ಕೆ ಅದೂ ದೊಡ್ಡ ಪೆಟ್ಟೇ ಆಗಿದೆ. ಮನುಷ್ಯರ ಮೇಲಿನ ದಾಳಿಗಳು ವಿರಳವಾದರೂ ನಡೆದಿವೆ. 2020ರ ಮೇ ತಿಂಗಳಿನಲ್ಲಿ ಮಾಗಡಿ ತಾಲ್ಲೂಕಿನ ಗ್ರಾಮಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಒಂದು ಮಗು ಮತ್ತು ಒಬ್ಬ ವೃದ್ಧೆ ಚಿರತೆಯ ದಾಳಿಗೆ ಬಲಿಯಾದರು. ಆ ಬಳಿಕ ಅರಣ್ಯ ಇಲಾಖೆ ಬೋನುಗಳನ್ನಿಟ್ಟು ಚಿರತೆಗಳನ್ನು ಸೆರೆಹಿಡಿಯಿತು.

ಇಂತಹ ಘಟನೆಗಳ ನಂತರ ಸುತ್ತಲಿನ ಎಲ್ಲ ಚಿರತೆಗಳನ್ನೂ ಹಿಡಿದು ದೂರದ ಕಾಡಿಗೆ ಬಿಡಬೇಕೆಂಬ ಒತ್ತಾಯ ಕೇಳಿಬರುವುದು ಸಹಜ. ಈ ಕ್ರಮದ ಪರಿಣಾಮವನ್ನು ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ವಿದ್ಯಾ ಆತ್ರೇಯ ಮತ್ತು ಸಹೋದ್ಯೋಗಿಗಳು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಚಿರತೆಗಳನ್ನು ಸ್ಥಳಾಂತರಿಸಲು ಆರಂಭಿಸಿದ ಮೇಲೆ ಅಲ್ಲಿ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದ್ದವು ಎಂಬುದು ಅವರ ಮುಖ್ಯ ನಿರ್ಣಯ. ಒಂದು ನೆಲೆಯಿಂದ ಚಿರತೆಯನ್ನು ತೆಗೆದರೆ ಆ ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ. ಅಪರಿಚಿತ ಕಾಡಿನಲ್ಲಿ ಬಿಡಲಾದ ಚಿರತೆ ತನ್ನ ಮೂಲ ನೆಲೆಯತ್ತ ಮರಳಲು ಯತ್ನಿಸುತ್ತದೆ ಇಲ್ಲವೆ ಅಲ್ಲಿನ ಊರುಗಳಿಗೆ ಸಮಸ್ಯೆಯಾಗುತ್ತದೆ. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯು ಈ ಕಾರಣದಿಂದ, ಚಿರತೆ ಕಾಣಿಸಿಕೊಂಡ ಮಾತ್ರಕ್ಕೆ ಅದನ್ನು ಹಿಡಿಯಬಾರದೆಂದು ಸೂಚಿಸುತ್ತದೆ. ಮನುಷ್ಯರ ಮೇಲೆ ದಾಳಿ ಮಾಡಿದ ಪ್ರಾಣಿಯ ವಿಷಯ ಬೇರೆ. ಅದನ್ನು ಸೆರೆಹಿಡಿದು ಮತ್ತೆ ಕಾಡಿಗೆ ಬಿಡದಿರುವುದೇ ಸೂಕ್ತ ಎನ್ನಲಾಗಿದೆ.

ನೆಲೆಗಳ ರಕ್ಷಣೆ

ಕ್ಲೋಸ್‌ಪೇಟೆ ಪಟ್ಟಿಯ ಬೆಟ್ಟಗಳಿಗೆ ಮುಖ್ಯ ಬೆದರಿಕೆಗಳಲ್ಲಿ ಕಲ್ಲು ಗಣಿಗಾರಿಕೆಯೂ ಒಂದು. ಬಂಡೆಗಳನ್ನು ಒಡೆದಾಗ ಗವಿಗಳು ನಾಶವಾಗಿ ಚಿರತೆಗಳು ಹೊಲ ತೋಟಗಳ ಮರೆಯನ್ನು ಅವಲಂಬಿಸಬೇಕಾಗುತ್ತದೆ. ಬೆಂಗಳೂರಿನ ಬೆಳವಣಿಗೆ, ಹೊಸ ಬಡಾವಣೆಗಳು ಮತ್ತು ಹೆದ್ದಾರಿಗಳು ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ಇರುವ ಸಂಪರ್ಕವನ್ನು ಕಡಿದುಹಾಕುತ್ತವೆ.

ಕೆಲವು ನೆಲೆಗಳಿಗೆ ಕಾನೂನಿನ ರಕ್ಷಣೆ ದೊರೆತಿದೆ. ರಾಮದೇವರ ಬೆಟ್ಟದ 346.41 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ರಣಹದ್ದುಗಳಿಗಾಗಿ ಉಳಿಸಿದ ಬಂಡೆಗಳು ಅಲ್ಲಿನ ಇತರ ಪ್ರಾಣಿಗಳಿಗೂ ಆಶ್ರಯವಾಗಿವೆ. ಬನ್ನೇರುಘಟ್ಟ ಉದ್ಯಾನದ ಸುತ್ತ ಗಣಿಗಾರಿಕೆಯನ್ನು ನಿಷೇಧಿಸುವ ಪರಿಸರ ಸೂಕ್ಷ್ಮ ವಲಯವು 2020ರ ಅಧಿಸೂಚನೆಯಲ್ಲಿ 168.84 ಚದರ ಕಿಲೋಮೀಟರ್‌ಗೆ ಸೀಮಿತವಾಯಿತು. 2016ರ ಕರಡಿನಲ್ಲಿ ಇದರ ವಿಸ್ತೀರ್ಣ 268.96 ಚದರ ಕಿಲೋಮೀಟರ್ ಇತ್ತು. ಈ ಕಡಿತವನ್ನು ಪರಿಸರವಾದಿಗಳು ವಿರೋಧಿಸಿದರು.

ಮುನ್ನೆಚ್ಚರಿಕೆ ಕ್ರಮಗಳು

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2023ರಲ್ಲಿ ಪ್ರಕಟಿಸಿದ ಮಾನವ ಮತ್ತು ವನ್ಯಜೀವಿ ಸಹಬಾಳ್ವೆಯ ಮಾರ್ಗಸೂಚಿಯು ಸ್ಥಳೀಯ ಜನರನ್ನು ಒಳಗೊಳ್ಳದ ಪರಿಹಾರಗಳು ದೀರ್ಘಕಾಲ ಉಳಿಯುವುದಿಲ್ಲ ಎಂಬುದಕ್ಕೆ ಒತ್ತು ನೀಡುತ್ತದೆ. ಚಿರತೆಗಳಿರುವ ಗ್ರಾಮಗಳಲ್ಲಿ ಸಾಮಾನ್ಯವಾಗಿ ಸೂಚಿಸಲಾಗುವ ಕ್ರಮಗಳು ಹೀಗಿವೆ:

• ಕುರಿ, ಮೇಕೆ ಮತ್ತು ಕರುಗಳನ್ನು ರಾತ್ರಿ ಬಯಲಿನಲ್ಲಿ ಕಟ್ಟದೆ, ಮೇಲ್ಛಾವಣಿ ಮತ್ತು ಗಟ್ಟಿ ಬಾಗಿಲುಳ್ಳ ಕೊಟ್ಟಿಗೆಯಲ್ಲಿ ಕೂಡುವುದು.
• ಸಂಜೆಯ ನಂತರ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡದಿರುವುದು ಮತ್ತು ಸೆಕೆಗಾಲದಲ್ಲಿ ಬಯಲಿನಲ್ಲಿ ಅಥವಾ ಬಾಗಿಲು ತೆರೆದು ಮಲಗದಿರುವುದು.
• ಕತ್ತಲಲ್ಲಿ ತೋಟಕ್ಕೆ ಹೋಗುವಾಗ ಟಾರ್ಚ್ ಹಿಡಿದು, ಗುಂಪಾಗಿ ಮಾತನಾಡುತ್ತಾ ಸಾಗುವುದು.
• ಮನೆಯ ಸುತ್ತಲಿನ ಪೊದೆಗಳನ್ನು ತೆಗೆಯುವುದು ಮತ್ತು ಬೀದಿನಾಯಿಗಳನ್ನು ಆಕರ್ಷಿಸುವ ಮಾಂಸದ ತ್ಯಾಜ್ಯವನ್ನು ಊರಿನ ಬಳಿ ಸುರಿಯದಿರುವುದು.
• ಮರಿಗಳು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದು. ತಾಯಿ ಸಾಮಾನ್ಯವಾಗಿ ಸಮೀಪದಲ್ಲಿಯೇ ಇದ್ದು, ರಾತ್ರಿ ಮರಿಗಳನ್ನು ಬೇರೆಡೆಗೆ ಒಯ್ಯುತ್ತದೆ.
• ಚಿರತೆ ಮನೆ ಅಥವಾ ಬಾವಿಯಲ್ಲಿ ಸಿಲುಕಿದಾಗ ಗುಂಪು ಸೇರದಿರುವುದು. ತಪ್ಪಿಸಿಕೊಳ್ಳಲು ದಾರಿ ಕಾಣದ ಪ್ರಾಣಿಯೇ ಎದುರಿಗಿದ್ದವರ ಮೇಲೆ ಎರಗುವುದು ಹೆಚ್ಚು.

ಚಿರತೆಯಿಂದ ಜಾನುವಾರು ಸತ್ತರೆ ಅಥವಾ ಜನರಿಗೆ ಗಾಯ ಇಲ್ಲವೆ ಸಾವು ಸಂಭವಿಸಿದರೆ ರಾಜ್ಯ ಅರಣ್ಯ ಇಲಾಖೆಯಿಂದ ಪರಿಹಾರ ಧನ ಪಡೆಯಲು ಅವಕಾಶವಿದೆ. ಸತ್ತ ಜಾನುವಾರಿನ ಕಳೇಬರವನ್ನು ಸ್ಥಳದಿಂದ ಕದಲಿಸದೆ ಕೂಡಲೇ ವಲಯ ಅರಣ್ಯ ಕಚೇರಿಗೆ ತಿಳಿಸಿದರೆ ಪರಿಶೀಲನೆ ಸುಲಭವಾಗುತ್ತದೆ. ಸೇಡಿಗಾಗಿ ಕಳೇಬರಕ್ಕೆ ವಿಷ ಬೆರೆಸುವುದು ಅಪರಾಧವಷ್ಟೇ ಅಲ್ಲ, ಅದನ್ನು ತಿನ್ನುವ ನಾಯಿ ಮತ್ತು ರಣಹದ್ದುಗಳ ಸಾವಿಗೂ ಕಾರಣವಾಗುತ್ತದೆ. ಪರಿಹಾರ ಬೇಗ ತಲುಪಿದಷ್ಟೂ ಇಂತಹ ಪ್ರತೀಕಾರಕ್ಕೆ ಕಾರಣ ಕಡಿಮೆಯಾಗುತ್ತದೆ.