ಕೈಗೆ ಜೋಮು ಬರುವ ಮುನ್ನ: ಸೂಫ್ಯಾನ್ ಸ್ಟೀವನ್ಸ್ ಅವರ 'ಜಾವೆಲಿನ್'

2023ರ ಸೆಪ್ಟೆಂಬರ್ 20ರಂದು ಅಮೆರಿಕದ ಗಾಯಕ, ಗೀತರಚನಕಾರ ಸೂಫ್ಯಾನ್ ಸ್ಟೀವನ್ಸ್ ತಮ್ಮ ಕೇಳುಗರಿಗೆ ಒಂದು ಪತ್ರ ಬರೆದರು. ಹದಿನಾರು ದಿನಗಳಲ್ಲಿ ಅವರ ಹೊಸ ಆಲ್ಬಮ್ 'ಜಾವೆಲಿನ್' ಹೊರಬರುವುದಿತ್ತು. ಇಂಥ ಹೊತ್ತಿನಲ್ಲಿ ಕಲಾವಿದರು ಸಾಮಾನ್ಯವಾಗಿ ತಿಳಿಸುವುದು ಕಛೇರಿಗಳ ಊರು, ದಿನಾಂಕಗಳನ್ನು. ಸ್ಟೀವನ್ಸ್ ತಿಳಿಸಿದ್ದು ತಾವು ಆಲ್ಬಮಿನ ಪ್ರಚಾರಕ್ಕೆ ಏಕೆ ಬರಲಾಗುತ್ತಿಲ್ಲ ಎಂಬುದನ್ನು. ಹಿಂದಿನ ತಿಂಗಳು ಒಂದು ಬೆಳಗ್ಗೆ ಎದ್ದಾಗ ಅವರಿಗೆ ನಡೆಯಲಾಗಲಿಲ್ಲ. ಕೈ, ತೋಳು, ಕಾಲುಗಳು ಜೋಮು ಹಿಡಿದು ಶಕ್ತಿಯೂ ಸ್ಪರ್ಶವೂ ಇಲ್ಲದಂತಾಗಿದ್ದವು. ಸಹೋದರ ಅವರನ್ನು ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದರು. ಹಲವು ಪರೀಕ್ಷೆಗಳ ನಂತರ ಅದು ಗಿಲ್ಲನ್-ಬಾರೆ ಸಿಂಡ್ರೋಮ್ ಎಂದು ಖಚಿತವಾಯಿತು. ಐದು ದಿನ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟರು. ಕಾಯಿಲೆ ಮೇಲೇರುವುದು ನಿಂತಿತು. ಪತ್ರ ಬರೆಯುವ ವೇಳೆಗೆ ಅವರು ಪುನಶ್ಚೇತನ ಕೇಂದ್ರದಲ್ಲಿ ಮತ್ತೆ ನಡೆಯಲು ಕಲಿಯುತ್ತಿದ್ದರು.

ನಾನು ಈ ಆಲ್ಬಮನ್ನು ಕೇಳಿದ್ದು ಈ ಪತ್ರದ ದಾರಿಯಿಂದಲೇ. ಮೂವತ್ತು ವರ್ಷ ವೈದ್ಯವೃತ್ತಿಯಲ್ಲಿ ಕಳೆದವನಿಗೆ ಮೊದಲು ಕಣ್ಣಿಗೆ ಬೀಳುವುದು ರೋಗದ ಹೆಸರು. ಹಾಡು ಕಿವಿಗೆ ಬೀಳುವುದು ಆಮೇಲೆ. ಆದರೆ ಕೇಳತೊಡಗಿದ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು. ಈ ಹಾಡುಗಳನ್ನು ರೋಗದ ಕಥೆಯಾಗಿ ಕೇಳುವುದು ತಪ್ಪು. ಅನೇಕರು ಹಾಗೆ ಕೇಳುತ್ತಿರುವುದರಿಂದ ಆ ತಪ್ಪು ಎಲ್ಲಿದೆ ಎಂದು ವಿವರಿಸುವುದು ಈ ಲೇಖನದ ಒಂದು ಉದ್ದೇಶ.

ಮೊದಲು ವ್ಯಕ್ತಿಯ ಪರಿಚಯ. ಸ್ಟೀವನ್ಸ್ 1975ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದರು, ಮಿಷಿಗನ್ ರಾಜ್ಯದಲ್ಲಿ ಬೆಳೆದರು. ಹೆತ್ತವರು ಆಗ ಇಂಡೊನೇಷ್ಯಾ ಮೂಲದ ಸುಬುದ್ ಎಂಬ ಆಧ್ಯಾತ್ಮಿಕ ಪಂಥದಲ್ಲಿದ್ದರು. ಈ ಅಪರೂಪದ ಹೆಸರು ಅಲ್ಲಿಂದ ಬಂದದ್ದು. 1999ರಲ್ಲಿ ಮಲತಂದೆ ಲೋವೆಲ್ ಬ್ರಾಮ್ಸ್ ಜೊತೆ ಸೇರಿ ಅವರು ಒಂದು ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದರು. ಅದರ ಹೆಸರು 'ಆಸ್ತ್ಮ್ಯಾಟಿಕ್ ಕಿಟ್ಟಿ', ಎಂದರೆ ಉಬ್ಬಸದ ಬೆಕ್ಕಿನಮರಿ. ವೈದ್ಯರ ಕಿವಿಗೆ ಇದಕ್ಕಿಂತ ಪ್ರಿಯವಾದ ವ್ಯಾಪಾರಚಿಹ್ನೆ ಸಿಗುವುದು ಕಷ್ಟ.

'ಸ್ವತಂತ್ರ' ಸಂಗೀತಗಾರ ಎಂಬ ಮಾತಿನ ಅರ್ಥ ಇಲ್ಲಿದೆ. ದೊಡ್ಡ ಕಂಪನಿಗಳಲ್ಲಿ ಮುದ್ರಣದ ಖರ್ಚು ಕಂಪನಿಯದು. ಹಾಗಾಗಿ ಮೂಲಮುದ್ರಣದ ಒಡೆತನವೂ ಸಾಮಾನ್ಯವಾಗಿ ಕಂಪನಿಯದು, ಯಾವ ಹಾಡು ಎಷ್ಟು ಉದ್ದವಿರಬೇಕು, ಯಾವಾಗ ಹೊರಬರಬೇಕು ಎಂಬ ಮಾತಿನಲ್ಲೂ ಅದಕ್ಕೆ ಪಾಲು. ಸ್ವಂತ ಸಂಸ್ಥೆಯಿರುವವರಿಗೆ ಹಣ ಕಡಿಮೆ, ಬಿಡುವು ಹೆಚ್ಚು. ಇನ್ನು 'ಆಲ್ಟರ್ನೇಟಿವ್ ರಾಕ್' ಎಂಬುದು ಈಗ ಬಹಳ ಸಡಿಲವಾದ ಹೆಸರು. 1980ರ ದಶಕದಲ್ಲಿ ಕಾಲೇಜು ರೇಡಿಯೊಗಳು ಮಾತ್ರ ನುಡಿಸುತ್ತಿದ್ದ, ಮುಖ್ಯವಾಹಿನಿಯಿಂದ ಹೊರಗಿದ್ದ ರಾಕ್ ಸಂಗೀತಕ್ಕೆ ಆ ಹೆಸರಿತ್ತು. ಮುಂದೆ ಅದೇ ಮುಖ್ಯವಾಹಿನಿಯಾಯಿತು; ಹೆಸರು ಮಾತ್ರ ಉಳಿಯಿತು. ಸ್ಟೀವನ್ಸ್ ಅವರ ಸಂಗೀತದಲ್ಲಿ ಅಬ್ಬರದ ಗಿಟಾರಿಗಿಂತ ಜಾನಪದ ಧಾಟಿ, ಚರ್ಚಿನ ಮೇಳಗಾನ, ಕೊಳಲು, ಬ್ಯಾಂಜೊ ಹೆಚ್ಚು. ನಮ್ಮೂರುಗಳಲ್ಲಿ ಬ್ಯಾಂಜೊ ಎಂದು ಕರೆಯುತ್ತಿದ್ದ ಕೀಲಿಮಣೆಯ ವಾದ್ಯ ಬೇರೆ. ಇದು ಚರ್ಮ ಬಿಗಿದ ಬಳೆಯ ಮೇಲೆ ತಂತಿ ಹಾಯಿಸಿದ, ಬೆರಳಿನಿಂದ ಮೀಟುವ ಅಮೆರಿಕನ್ ವಾದ್ಯ.

2005ರ 'ಇಲಿನಾಯ್' ಆಲ್ಬಮ್ ಅವರಿಗೆ ದೊಡ್ಡ ಹೆಸರು ತಂದಿತು. ಅದರಲ್ಲಿ ಮೂಳೆಯ ಕ್ಯಾನ್ಸರಿನಿಂದ ತೀರಿಕೊಳ್ಳುವ ಹುಡುಗಿಯೊಬ್ಬಳನ್ನು ಕುರಿತು 'ಕ್ಯಾಸಿಮಿರ್ ಪುಲಾಸ್ಕಿ ಡೇ' ಎಂಬ ಹಾಡಿದೆ. ನಾನು ಅದನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೇಳಿಸಿದ್ದೇನೆ. ಸಾವಿನ ಮುಂದೆ ಪ್ರಾರ್ಥನೆ ನಿಷ್ಫಲವಾದ ಮನೆಯಲ್ಲಿ ಜನ ಹೇಗೆ ನಿಲ್ಲುತ್ತಾರೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ಆದರೆ 'ಜಾವೆಲಿನ್' ಅರ್ಥವಾಗಲು ಹತ್ತಿರದ ದಾರಿ 2015ರ 'ಕ್ಯಾರಿ ಆ್ಯಂಡ್ ಲೋವೆಲ್'. ಕ್ಯಾರಿ ಅವರ ತಾಯಿ. ಮನೋರೋಗ ಮತ್ತು ಮದ್ಯವ್ಯಸನದಿಂದ ನರಳಿದ ಆಕೆ ಮಗ ಹಸುಳೆಯಾಗಿದ್ದಾಗಲೇ ಮನೆ ಬಿಟ್ಟು ಹೋದವರು. 2012ರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಮಗ ಆಕೆಯನ್ನು ಚೆನ್ನಾಗಿ ಬಲ್ಲದ್ದು ಆರೆಗಾನ್ ರಾಜ್ಯದಲ್ಲಿ ಕಳೆದ ಕೆಲವು ಬೇಸಗೆಗಳಲ್ಲಿ ಮಾತ್ರ, ಆಕೆ ಲೋವೆಲ್‌ರನ್ನು ಮದುವೆಯಾಗಿದ್ದ ಅಲ್ಪಕಾಲದಲ್ಲಿ. ಆ ಆಲ್ಬಮಿನಲ್ಲಿ ಊರುಗಳಿವೆ, ವಯಸ್ಸುಗಳಿವೆ, ಅಂಗಡಿಯೊಂದರಲ್ಲಿ ತಾಯಿ ಮಗುವನ್ನು ಬಿಟ್ಟುಹೋದ ನೆನಪಿದೆ. ಒಂದು ಹಾಡು ಸತ್ತ ತಾಯಿಯೊಂದಿಗೆ ಸಂಭಾಷಣೆಯ ರೂಪದಲ್ಲಿದೆ. ವಿಮರ್ಶಕರು ಅದನ್ನು ಹೃತ್ಪೂರ್ವಕವಾಗಿ ಮೆಚ್ಚಿದರು.

ಹತ್ತು ವರ್ಷಗಳ ನಂತರ, 2025ರಲ್ಲಿ, ಆ ಆಲ್ಬಮಿನ ವಿಸ್ತೃತ ಆವೃತ್ತಿ ಬಂದಾಗ ಸ್ಟೀವನ್ಸ್ ಆಡಿದ ಮಾತು ಹಲವರಿಗೆ ಆಶ್ಚರ್ಯ ತಂದಿತು. ಅದರ ಬಗ್ಗೆ ತಮಗೆ ಮುಜುಗರವಿದೆ, ತೀರಿಕೊಂಡ ತಾಯಿ ತನ್ನ ಪರವಾಗಿ ಮಾತನಾಡಲಾರಳು ಎಂದರು. ನನಗೆ ಆಶ್ಚರ್ಯವಾಗಲಿಲ್ಲ. ನಾವು ವೈದ್ಯರು ಒಬ್ಬ ರೋಗಿಯ ವೃತ್ತಾಂತವನ್ನು ಪತ್ರಿಕೆಗೆ ಕಳಿಸಬೇಕಾದರೆ ಅವರ ಸಹಿ ಬೇಕು. ಅವರಿಲ್ಲದಿದ್ದರೆ ಮನೆಯವರ ಸಹಿಯಾದರೂ ಬೇಕು. ಕವಿಗೆ ಅಂಥ ಕಟ್ಟಳೆಯಿಲ್ಲ. ಮನೆಯವನೂ ಅವನೇ, ಬರೆಯುವವನೂ ಅವನೇ. ಶೋಕಗೀತೆ ಎಷ್ಟು ಸುಂದರವಾದರೂ ಅದು ಒಬ್ಬನೇ ಸಾಕ್ಷಿಯ ಹೇಳಿಕೆ.

'ಜಾವೆಲಿನ್' ಬಿಡುಗಡೆಯಾದ ದಿನ, 2023ರ ಅಕ್ಟೋಬರ್ 6ರಂದು, ಸ್ಟೀವನ್ಸ್ ಅದನ್ನು ಅದೇ ಏಪ್ರಿಲ್‌ನಲ್ಲಿ ತೀರಿಕೊಂಡ ತಮ್ಮ ಸಂಗಾತಿಗೆ ಅರ್ಪಿಸಿದರು. ಖಾಸಗಿ ಜೀವನವನ್ನು ಬಹಳ ವರ್ಷ ಮುಚ್ಚಿಟ್ಟುಕೊಂಡಿದ್ದವರು ಆ ದಿನ ಬಹಿರಂಗವಾಗಿ, ಪ್ರೀತಿಯಿಂದ ಬರೆದರು. ಆದರೆ ಆ ಅರ್ಪಣೆ ಹಾಡುಗಳ ಹೊರಗಿದೆ. ಒಳಗೆ ಊರಿಲ್ಲ, ದಿನಾಂಕವಿಲ್ಲ, ಆಸ್ಪತ್ರೆಯಿಲ್ಲ. ವಿದಾಯವಿದೆ, ದಣಿವಿದೆ, ಕ್ಷಮೆ ಬೇಡುವುದಿದೆ. ಜಗಳ ನಿಲ್ಲಿಸೋಣವೆಂಬ ಮೊರೆಯಿದೆ. ಕೆಲವು ಹಾಡುಗಳಂತೂ ಬದುಕಿರುವ ಇಬ್ಬರ ನಡುವಿನ ಬಿರುಕನ್ನೇ ಕುರಿತವು. ತಾಯಿಯ ಆಲ್ಬಮಿನಲ್ಲಿ ಸತ್ತವರ ಚಿತ್ರ ಬಿಡಿಸಲು ಹೊರಟವರು ಇಲ್ಲಿ ತಮ್ಮದೇ ಚಿತ್ರವನ್ನು ಬಿಡಿಸುತ್ತಾರೆ, ಅದೂ ಅಷ್ಟೇನೂ ಹೊಗಳಿಕೊಳ್ಳದೆ. ಶೀರ್ಷಿಕೆಯ ಹಾಡಿನಲ್ಲಿ ಈಟಿ ಎಸೆದವರು ಬೇರಾರೂ ಅಲ್ಲ, ಹಾಡುವವರೇ. ಎಸೆದು, ಅದು ತಾಗಿದ್ದರೆ ಏನಾಗುತ್ತಿತ್ತೆಂದು ಬೆದರುವ ಹಾಡು ಅದು. ನನ್ನ ಮಟ್ಟಿಗೆ 'ಜಾವೆಲಿನ್' ಹಿಂದಿನದಕ್ಕಿಂತ ಪ್ರಾಮಾಣಿಕವಾದ ಕೃತಿ, ಕಡಿಮೆ ವಿವರ ಕೊಟ್ಟರೂ.

ಹತ್ತು ಹಾಡುಗಳು, ಒಟ್ಟು 42 ನಿಮಿಷ. ಬಹುಪಾಲು ವಾದ್ಯಗಳನ್ನು ನುಡಿಸಿದವರು, ಮನೆಯಲ್ಲಿಯೇ ಮುದ್ರಿಸಿಕೊಂಡವರು ಸ್ಟೀವನ್ಸ್ ಒಬ್ಬರೇ. ಜೊತೆಗಿರುವುದು ಕೆಲವು ಗೆಳತಿಯರ ಮೇಳದ ದನಿ ಮಾತ್ರ. ಒಂಬತ್ತನೆಯ ಹಾಡಿನಲ್ಲಿ 'ದ ನ್ಯಾಷನಲ್' ತಂಡದ ಬ್ರೈಸ್ ಡೆಸ್ನರ್ ಗಿಟಾರ್ ನುಡಿಸಿದ್ದಾರೆ. ಎಂಟು ನಿಮಿಷ ಮೀರುವ ಆ ಹಾಡಿನ ಶೀರ್ಷಿಕೆ ಸಭ್ಯ ಬರಹಕ್ಕೆ ಒಗ್ಗದು, ಹಾಡು ಮಾತ್ರ ಆಲ್ಬಮಿನ ಶಿಖರ. ರಚನೆಯ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಒಂಟಿ ಪಿಯಾನೊ ಅಥವಾ ಬೆರಳಿನಿಂದ ಮೀಟಿದ ಗಿಟಾರ್, ಕಿವಿಯ ಹತ್ತಿರ ಪಿಸುಗುಟ್ಟಿದಂಥ ದನಿ. ನಡುವೆ ಎಲ್ಲೋ ಮೇಳ ಸೇರುತ್ತದೆ, ತಾಳವಾದ್ಯ ಬರುತ್ತದೆ, ಹಾಡು ದೊಡ್ಡದಾಗುತ್ತ ಹೋಗುತ್ತದೆ. ಮೊದಲ ಹಾಡು 'ಗುಡ್‌ಬೈ ಎವರ್‌ಗ್ರೀನ್'ನಲ್ಲಿ ಆ ಸ್ಫೋಟ ಅನಿರೀಕ್ಷಿತವಾಗಿ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡವರು ಮೊದಲೇ ಶಬ್ದ ತಗ್ಗಿಸಿಕೊಳ್ಳುವುದು ಒಳ್ಳೆಯದು. ಐದಾರು ಹಾಡುಗಳ ನಂತರ ಈ ಕ್ರಮ ಮೊದಲೇ ಊಹೆಗೆ ಸಿಗುತ್ತದೆ ಎಂಬುದು ನನ್ನ ಆಕ್ಷೇಪ. ಆಲ್ಬಮಿನ ಜೊತೆ ಅವರೇ ರಚಿಸಿದ ಚಿತ್ರಗಳೂ ಪ್ರೇಮವನ್ನು ಕುರಿತ ಹತ್ತು ಕಿರುಪ್ರಬಂಧಗಳೂ ಇರುವ 48 ಪುಟಗಳ ಪುಸ್ತಿಕೆಯಿದೆ.

ಈಗ ರೋಗದ ಮಾತು. ಸಂಗಾತಿಯ ಸಾವು ಏಪ್ರಿಲ್‌ನಲ್ಲಿ, ಕಾಯಿಲೆ ಆಗಸ್ಟ್‌ನಲ್ಲಿ. ಕೇಳುಗರು ಈ ಎರಡು ಬಿಂದುಗಳ ನಡುವೆ ಗೆರೆ ಎಳೆದರು: ದುಃಖವೇ ದೇಹವನ್ನು ಕೆಡವಿತು ಎಂದು. ಕಥೆಗೆ ಒಪ್ಪುವ ಮಾತು, ಆದರೆ ವೈದ್ಯಶಾಸ್ತ್ರಕ್ಕೆ ಒಪ್ಪುವುದಿಲ್ಲ. ಗಿಲ್ಲನ್-ಬಾರೆ ರೋಗವು ಮೂರರಲ್ಲಿ ಎರಡು ಪಾಲು ರೋಗಿಗಳಲ್ಲಿ ಒಂದು ಸೋಂಕಿನ ಬೆನ್ನಿಗೆ ಬರುತ್ತದೆ: ಕೆಮ್ಮು ನೆಗಡಿಯೊ, ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದಿಂದಾದ ಭೇದಿಯೊ. ಆ ಬ್ಯಾಕ್ಟೀರಿಯದ ಹೊರಮೈಯ ರಚನೆ ನಮ್ಮ ನರಗಳ ಹೊರಮೈಯನ್ನು ಹೋಲುತ್ತದೆ. ಶತ್ರುವನ್ನು ಹುಡುಕಿ ಹೊರಟ ಪ್ರತಿಕಾಯಗಳು ಗುರುತು ತಪ್ಪಿ ಮನೆಯ ಮೇಲೆಯೇ ಬೀಳುತ್ತವೆ. ವಿದ್ಯುತ್ ತಂತಿಯ ಪ್ಲಾಸ್ಟಿಕ್‌ನಂತೆ ನರವನ್ನು ಸುತ್ತಿರುವ ಮೈಲಿನ್ ಹೊದಿಕೆ ಹರಿಯುತ್ತದೆ, ಕೆಲವರಲ್ಲಿ ನರದ ತಂತುವೇ ಕತ್ತರಿಸಿಹೋಗುತ್ತದೆ. ವರ್ಷಕ್ಕೆ ಲಕ್ಷಕ್ಕೆ ಒಬ್ಬಿಬ್ಬರಲ್ಲಿ ಕಾಣುವ ರೋಗ; 2025ರ ಆರಂಭದಲ್ಲಿ ಪುಣೆಯಲ್ಲಿ ಗುಂಪಾಗಿ ಕಾಣಿಸಿಕೊಂಡು ಸುದ್ದಿಯಾದದ್ದು ಇದೇ.

ಕೈಕಾಲು ಸ್ವಾಧೀನ ತಪ್ಪಿದರೆ ನಮ್ಮಲ್ಲಿ ಎಲ್ಲಕ್ಕೂ 'ಲಕ್ವ ಹೊಡೆಯಿತು' ಎನ್ನುವುದು ರೂಢಿ. ಲಕ್ವ ಮಿದುಳಿನ ರಕ್ತನಾಳದ ತೊಂದರೆ, ಸಾಮಾನ್ಯವಾಗಿ ದೇಹದ ಒಂದು ಬದಿಗೆ. ಇದು ಎರಡೂ ಪಾದಗಳಿಂದ ಆರಂಭಿಸಿ ಮೇಲೇರುತ್ತದೆ. ಮಿದುಳು ಪೂರ್ತಿ ಎಚ್ಚರವಾಗಿರುತ್ತದೆ. ಎದೆಯ ಸ್ನಾಯುಗಳಿಗೆ ತಲುಪಿದರೆ ಉಸಿರು ನಿಲ್ಲುತ್ತದೆ. ಐವರಲ್ಲಿ ಒಬ್ಬರಿಗಾದರೂ ಕೃತಕ ಉಸಿರಾಟ ಬೇಕಾಗುತ್ತದೆ. ನಾನು ಎಂ.ಬಿ.ಬಿ.ಎಸ್. ಮುಗಿಸಿ ವಾರ್ಡಿನಲ್ಲಿ ಕೆಲಸ ಕಲಿಯುತ್ತಿದ್ದಾಗ ಇಂಥ ಒಬ್ಬ ಯುವಕ ಬಂದಿದ್ದ, ಮಗ್ಗದ ಕೆಲಸದವನು. ಯಂತ್ರ ಖಾಲಿಯಿರಲಿಲ್ಲ. ಅಣ್ಣ, ಭಾವ, ಊರಿನ ಗೆಳೆಯರು ಸರದಿಯ ಮೇಲೆ ರಬ್ಬರಿನ ಚೀಲ ಹಿಂಡುತ್ತ ಎರಡು ರಾತ್ರಿ ಅವನ ಉಸಿರನ್ನು ಕೈಯಲ್ಲಿ ನಡೆಸಿದರು. ಅವನು ಎಚ್ಚರವಾಗಿಯೇ ಇದ್ದ. ಹಿಂಡುವವನ ಕೈ ಸೋತಾಗ ಕಣ್ಣಿನಲ್ಲಿ ಸನ್ನೆ ಮಾಡುತ್ತಿದ್ದ. ಬದುಕಿದ. ನಾಲ್ಕು ತಿಂಗಳಿಗೆ ನಡೆದು ಬಂದ, ಆದರೆ ಹರಿದ ನೂಲಿನ ಎಳೆ ಹಿಡಿಯುವುದು ಇನ್ನೂ ಆಗುತ್ತಿಲ್ಲ ಎಂದ.

ಸ್ಟೀವನ್ಸ್ ಅವರ ಪತ್ರ ಓದಿದಾಗ ನೆನಪಾದದ್ದು ಆ ಕೊನೆಯ ಮಾತು. ಸುಮಾರು ನೂರಕ್ಕೆ ಎಂಬತ್ತು ರೋಗಿಗಳು ಆರು ತಿಂಗಳಲ್ಲಿ ಆಸರೆಯಿಲ್ಲದೆ ನಡೆಯುತ್ತಾರೆ. 'ಚೇತರಿಕೆ' ಎಂದು ನಾವು ಅಂಕಿಅಂಶಗಳಲ್ಲಿ ಬರೆದುಕೊಳ್ಳುವುದು ಅದನ್ನೇ. ಬ್ಯಾಂಜೊ ಮೀಟುವ ಕೈಗೆ ಬೇಕಾದದ್ದು ಬೇರೆ. ಹೆಬ್ಬೆರಳು ತನ್ನ ತಂತಿಯನ್ನು ಕಾಯುತ್ತಿರುವಾಗ ಉಳಿದ ಬೆರಳುಗಳು ಸ್ವರವನ್ನು ಹೆಣೆಯುತ್ತವೆ. ಬೆರಳು ಈಗ ಎಲ್ಲಿದೆಯೆಂದು ಕಣ್ಣು ನೋಡದೆಯೇ ಮಿದುಳಿಗೆ ಗೊತ್ತಿರಬೇಕು. ಆ ಅರಿವನ್ನು ಒಯ್ಯುವ ನರಗಳೂ ಈ ಕಾಯಿಲೆಗೆ ಸಿಗುತ್ತವೆ. ಮೈಲಿನ್ ವಾರಗಳಲ್ಲಿ, ತಿಂಗಳುಗಳಲ್ಲಿ ಮರಳುತ್ತದೆ. ತಂತುವೇ ಹರಿದಿದ್ದರೆ ಅದು ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯಬೇಕು. ಮೊಣಕೈಯಿಂದ ಬೆರಳ ತುದಿಗೆ ಒಂದು ವರ್ಷಕ್ಕೂ ಹೆಚ್ಚು.

ಆದ್ದರಿಂದ 'ಜಾವೆಲಿನ್'ನಲ್ಲಿ ಕೇಳುವ ಕೈಗಳು ಕಾಯಿಲೆಗೆ ಮೊದಲಿನ ಕೈಗಳು. ಹಾಡುಗಳಲ್ಲಿ ಬರುವ ದಣಿವು, ಸೋಲು ಯಾವುದೂ ಆ ಬೆಳಗಿನ ಮುನ್ಸೂಚನೆಯಲ್ಲ. ಎರಡನ್ನೂ ಬೆಸೆದರೆ ರೋಗಿಗೂ ಅನ್ಯಾಯ, ಹಾಡಿಗೂ ಅನ್ಯಾಯ: ಕಾಯಿಲೆ ಅವರ ಮನಸ್ಸಿನ ತಪ್ಪಾಗುತ್ತದೆ, ಹಾಡು ರೋಗಲಕ್ಷಣವಾಗುತ್ತದೆ.

ಕೊನೆಯ ಹಾಡು ಮಾತ್ರ ಅವರದಲ್ಲ. ನೀಲ್ ಯಂಗ್ 1972ರ 'ಹಾರ್ವೆಸ್ಟ್' ಆಲ್ಬಮಿನಲ್ಲಿ ಹಾಡಿದ 'ದೇರ್ಸ್ ಎ ವರ್ಲ್ಡ್' ಅದು. ಮೂಲದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಭಾರಿ ಹಿನ್ನೆಲೆಯಿತ್ತು; ಆ ಹಾಡಿಗೆ ಅಷ್ಟು ಭಾರ ಹೊರಿಸಬಾರದಿತ್ತೆಂದು ಆಗಲೇ ಹಲವರು ಹೇಳಿದ್ದರು. ಉಳಿದ ಹಾಡುಗಳನ್ನೆಲ್ಲ ಸಣ್ಣದಾಗಿ ಆರಂಭಿಸಿ ದೊಡ್ಡದು ಮಾಡಿದ ಸ್ಟೀವನ್ಸ್ ಇದೊಂದನ್ನು ಇಳಿಸಿ, ಹಗುರಾಗಿಸಿ, ಮೆಲುದನಿಯಲ್ಲಿ ಹಾಡಿದ್ದಾರೆ. ನೀಲ್ ಯಂಗ್ ಐದು ವರ್ಷದ ಹುಡುಗನಾಗಿದ್ದಾಗ, 1951ರಲ್ಲಿ, ಕೆನಡಾದ ಆಂಟೇರಿಯೊದಲ್ಲಿ ಪೋಲಿಯೊಗೆ ತುತ್ತಾಗಿ ಬದುಕುಳಿದವರು. ಪೋಲಿಯೊ ಬಹುತೇಕ ಅಳಿದ ಮೇಲೆ ಜಗತ್ತಿನಲ್ಲಿ ಹಠಾತ್ತನೆ ಕೈಕಾಲು ಸೋಲುವುದಕ್ಕೆ ಅತಿ ಸಾಮಾನ್ಯ ಕಾರಣ ಗಿಲ್ಲನ್-ಬಾರೆ. ಹಾಡನ್ನು ಆರಿಸಿಕೊಳ್ಳುವಾಗ ಸ್ಟೀವನ್ಸ್ ಅವರಿಗೆ ಕಾಯಿಲೆ ಇನ್ನೂ ಬಂದಿರಲಿಲ್ಲ, ಹಾಗಾಗಿ ಇದು ಬರಿಯ ಕಾಕತಾಳೀಯ. ಮೇಲೆ ಅಷ್ಟೊಂದು ಎಚ್ಚರಿಕೆ ಹೇಳಿದ ನಾನೇ ಅದನ್ನು ಗಮನಿಸದೆ ಇರಲಾರೆನಾದೆ.