ಗುಡ್ಡದ ಹಾಡಿಗೆ ಒಂದು ವಾದ್ಯವೃಂದ

‘ಅಮ್ಮಾ, ಹಕ್ಕಾ ನೂಡಲ್ಸ್ ಮಾಡಿಕೊಡು’ ಎಂದು ಮಕ್ಕಳು ದುಂಬಾಲು ಬೀಳದ ಮನೆ ಈಗ ಅಪರೂಪ. ಕೋಸು, ಕ್ಯಾರೆಟ್ ಹೆಚ್ಚಿ ಬಾಣಲೆಗೆ ಹಾಕುವಾಗ ಈ ‘ಹಕ್ಕಾ’ ಅಂದರೇನು ಅಂತ ಎಂದಾದರೂ ಯೋಚಿಸಿದ್ದೀರಾ? ಅದು ಮಸಾಲೆಯ ಹೆಸರಲ್ಲ. ಚೀನದ ಒಂದು ಜನಸಮುದಾಯದ ಹೆಸರು. ಅರ್ಥ, ‘ಅತಿಥಿ ಮನೆತನ’.

ಶತಮಾನಗಳಿಂದ ನೆಲೆ ನಿಂತರೂ ಪಾಪ, ಅತಿಥಿಗಳೇ! ಯುದ್ಧ, ಬರಗಾಲಗಳ ದೆಸೆಯಿಂದ ಉತ್ತರದ ಬಯಲು ಬಿಟ್ಟು ತಂಡತಂಡವಾಗಿ ದಕ್ಷಿಣಕ್ಕೆ ಬಂದವರು ಇವರು. ಅಷ್ಟರಲ್ಲಿ ಒಳ್ಳೆಯ ಗದ್ದೆಗಳೆಲ್ಲ ಬೇರೆಯವರ ಪಾಲಾಗಿದ್ದವು. ಇವರಿಗೆ ಉಳಿದದ್ದು ಗುಡ್ಡಗಾಡು. ಫೂಜಿಯನ್ ಪ್ರಾಂತದಲ್ಲಿ ಮಣ್ಣಿನ ದಪ್ಪ ಗೋಡೆಯ, ಹಲವು ಅಂತಸ್ತಿನ ದುಂಡನೆಯ ಮನೆಗಳನ್ನು ಕಟ್ಟಿಕೊಂಡರು. ಹೆಸರು ‘ತುಲೋ’. ಒಂದೊಂದರಲ್ಲೂ ಇಡೀ ವಂಶವೇ ವಾಸ. ಇಂಥ 46 ಕಟ್ಟಡಗಳನ್ನು 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅನೇಕ ಗಂಡಸರು ದುಡಿಮೆ ಅರಸಿ ಕಡಲು ದಾಟಿದರು. ಕೆಲವರು ನಮ್ಮ ಕೊಲ್ಕತ್ತಕ್ಕೂ ಬಂದು ಚರ್ಮ ಹದಮಾಡುವ, ಬೂಟು ಹೊಲಿಯುವ ಕಸುಬು ಹಿಡಿದರು. ನಿಮ್ಮ ಬಾಣಲೆಗೆ ಆ ಹೆಸರು ಬಂದದ್ದು ಅಲ್ಲಿಂದಲೇ! ಊರಲ್ಲುಳಿದ ಹೆಂಗಸರು ಹೊಲ ನೋಡಿದರು, ಸೌದೆ ಹೊತ್ತರು. ಚೀನದಲ್ಲಿ ಹೆಣ್ಣುಮಕ್ಕಳ ಪಾದ ಕಟ್ಟುವ ಕ್ರೂರ ಪದ್ಧತಿಯಿದ್ದ ಕಾಲದಲ್ಲೂ ಹಕ್ಕಾ ಹೆಂಗಸರು ಸಾಮಾನ್ಯವಾಗಿ ಅದಕ್ಕೆ ಒಳಗಾಗಲಿಲ್ಲ. ಪಾದ ಕಟ್ಟಿದರೆ ಗುಡ್ಡ ಹತ್ತುವವರು ಯಾರು, ಹೇಳಿ? ಕೆಲಸ ಮಾಡುತ್ತಲೇ ಈ ಗುಡ್ಡದಿಂದ ಆ ಗುಡ್ಡಕ್ಕೆ ಕೇಳುವಂತೆ ಹಾಡಿದರು. ಒಬ್ಬರ ಸವಾಲಿಗೆ ಇನ್ನೊಬ್ಬರ ಜವಾಬು. ಒಲವು, ಅಗಲಿಕೆ, ತಮಾಷೆ ಎಲ್ಲವೂ ಅದರಲ್ಲಿತ್ತು.

ಈ ಹಾಡುಗಳನ್ನು ದೊಡ್ಡ ವೇದಿಕೆಗೆ ತಂದವರಲ್ಲಿ ಒಬ್ಬ ಮಹಿಳೆಯ ಹೆಸರು ಮುಖ್ಯ. 1929ರಲ್ಲಿ ಹುಟ್ಟಿದ ಝೆಂಗ್ ಶಿಯಾವೊಯಿಂಗ್ ಹಕ್ಕಾ ಮನೆತನದವರು. ಮಾಸ್ಕೋದಲ್ಲಿ ಕಲಿತು, ವಾದ್ಯವೃಂದ ನಿರ್ದೇಶನ ಗಂಡಸರದೇ ಕೆಲಸ ಎನ್ನುತ್ತಿದ್ದ ಕಾಲದಲ್ಲಿ ಕೈಯಲ್ಲಿ ಕೋಲು ಹಿಡಿದರು. ಕ್ಯಾನ್ಸರ್ ಚಿಕಿತ್ಸೆ ಪಡೆದು ಹೆಚ್ಚು ದಿನವಾಗಿರಲಿಲ್ಲ; 1998ರಲ್ಲಿ ಶಿಯಾಮೆನ್ ನಗರದಲ್ಲಿ ಹೊಸ ವಾದ್ಯವೃಂದವನ್ನೇ ಕಟ್ಟಿದರು. ಆಗ ವಯಸ್ಸು ಎಪ್ಪತ್ತರ ಹತ್ತಿರ!

ಆ ವೃಂದಕ್ಕಾಗಿ ಲಿಯು ಯುವಾನ್ ರಚಿಸಿದ ಐದು ಭಾಗಗಳ ಕೃತಿಯೇ ‘ತುಲೋ ಪ್ರತಿಧ್ವನಿ’. 2000ದಲ್ಲಿ ಅದು ಮೊದಲು ಮೊಳಗಿತು. ಪಿಟೀಲು, ಕಹಳೆಗಳ ನಡುವೆ ಹಳ್ಳಿಯ ಹಾಡುಗಾರನೊಬ್ಬ ಮರದ ಎಲೆಯನ್ನು ತುಟಿಗಿಟ್ಟು ಊದುತ್ತಾನೆ. ಕೊನೆಗೆ ಸಭಿಕರೂ ದನಿಗೂಡಿಸುತ್ತಾರೆ. ಊರು ಬಿಟ್ಟು ಎಲ್ಲೆಲ್ಲೋ ನೆಲೆಸಿದವರ ಮೊಮ್ಮಕ್ಕಳಿಗೆ ಅಜ್ಜಿಯ ಹಾಡು ನೂರು ವಾದ್ಯಗಳ ಜೊತೆ ಮತ್ತೆ ಸಿಕ್ಕಂತಲ್ಲವೇ?

‘ನಮಗೆ ಆ ಸಂಗೀತ ಎಲ್ಲಿ ಅರ್ಥವಾಗುತ್ತೆ’ ಎನ್ನಬೇಡಿ. ಕಛೇರಿಗೆ ಮೊದಲು ಸುಲಭದ ಮಾತಿನಲ್ಲಿ ಸಂಗೀತ ವಿವರಿಸುವುದು ಈ ತಾಯಿಯ ರೂಢಿಯೇ ಆಗಿತ್ತು. ಕೇಳಲು ಕಿವಿ ಸಾಕು, ಪಾಂಡಿತ್ಯ ಬೇಡ. ಮುಂದಿನ ಸಲ ನೂಡಲ್ಸ್ ಬಡಿಸುವಾಗ ಮಕ್ಕಳಿಗೆ ಈ ಕಥೆಯನ್ನೂ ಬಡಿಸಿ. ಹಾಗೆಯೇ ನಿಮ್ಮ ಅಜ್ಜಿಗೆ ಬರುವ ಹಾಡೊಂದನ್ನು ಈ ವಾರವೇ ಬರೆದಿಟ್ಟುಕೊಳ್ಳಿ. ಹಾಡುವವರು ಇರುವಾಗಲೇ ಕೇಳಿಕೊಳ್ಳಬೇಕು.