ತೊಗರಿ ಧಾರಣೆಯೂ ಬ್ಯಾಂಕಿನ ಸಾಲವೂ: ನಾಲ್ಕು ತಪ್ಪು ಕಲ್ಪನೆ, ನಾಲ್ಕು ಸತ್ಯ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಬ್ಯಾಂಕಿಗೆ ಸಾಲ ಮರಳುತ್ತದೋ ಇಲ್ಲವೋ ಎಂಬುದನ್ನು ಮಳೆ, ಭೀಮಾ ನದಿ ಮತ್ತು ತೊಗರಿ ಧಾರಣೆ ಸೇರಿ ತೀರ್ಮಾನಿಸುತ್ತವೆ. ಆದರೂ ಸಾಲದ ಬಗ್ಗೆ ಕೆಲವು ತಪ್ಪು ನಂಬಿಕೆಗಳು ಗಟ್ಟಿಯಾಗಿ ಬೇರೂರಿವೆ.

ತಪ್ಪು ಕಲ್ಪನೆ 1: ಸಾಲ ಕಟಬಾಕಿ ಉಳಿಸಿಕೊಂಡವನಿಗೆ ನಿಯತ್ತಿಲ್ಲ.

ಸತ್ಯ: ಬೇಕೆಂದೇ ಕಟ್ಟದವರೂ ಇದ್ದಾರೆ. ಆದರೆ ಒಂದೇ ವರ್ಷ ಊರಿಗೆ ಊರೇ ಸುಸ್ತಿದಾರರ ಪಟ್ಟಿ ಸೇರಿದರೆ ಕಾರಣವನ್ನು ಹೊಲದಲ್ಲೂ ಪೇಟೆಯಲ್ಲೂ ಹುಡುಕಬೇಕು. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹೊಲಗಳಿಗೆ ನುಗ್ಗಿದಾಗ ಒಳ್ಳೆಯವರ ಬೆಳೆಯೂ ಕೊಳೆಯಿತು. ತೊಗರಿ ಕೈಕೊಟ್ಟ ವರ್ಷ ಬೆಳೆಸಾಲದ ಜೊತೆಗೆ ಟ್ರ್ಯಾಕ್ಟರ್ ಕಂತು ನಿಲ್ಲುತ್ತದೆ, ಕಿರಾಣಿ ಅಂಗಡಿಯ ಉದ್ರಿ ಬೆಳೆಯುತ್ತದೆ, ಅಡತಿ ವ್ಯಾಪಾರ ಸೊರಗುತ್ತದೆ, ದಾಲ್ ಮಿಲ್ಲಿನ ಸಾಲವೂ ತಡವರಿಸುತ್ತದೆ. ಸಾಲಗಾರರು ಸಾವಿರ, ಆಸರೆ ಮಾತ್ರ ಒಂದೇ ಪೀಕು. ಬ್ಯಾಂಕ್ ಶಾಖೆಗಿರುವ ದೊಡ್ಡ ಅಪಾಯ ಇದೇ.

ತಪ್ಪು ಕಲ್ಪನೆ 2: ಬೆಳೆ ಚೆನ್ನಾಗಿ ಬಂದರೆ ಸಾಲ ತೀರಿದಂತೆಯೇ.

ಸತ್ಯ: 2015ರಲ್ಲಿ ತೊಗರಿ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿತು. ಆ ಆಸೆಯಿಂದ ದೇಶದಲ್ಲಿ ಬಿತ್ತನೆ ಹೆಚ್ಚಿತು, ಮಳೆಯೂ ಕೈಹಿಡಿಯಿತು. ಸುಮಾರು 25 ಲಕ್ಷ ಟನ್ ಇದ್ದ ಉತ್ಪಾದನೆ 2016–17ರಲ್ಲಿ 48 ಲಕ್ಷ ಟನ್ ಮೀರಿತು. ಮೇಲೆ ಆಮದೂ ಬಂತು. ಬೋನಸ್ ಸೇರಿ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. ಕಣದಲ್ಲಿ ರಾಶಿ ದೊಡ್ಡದಾಯಿತು, ಕೈಗೆ ಬಂದ ರೊಕ್ಕ ಕಡಿಮೆಯಾಯಿತು.

ತಪ್ಪು ಕಲ್ಪನೆ 3: ದೇಶದ ಬ್ಯಾಂಕುಗಳನ್ನು ಮುಳುಗಿಸುವುದು ರೈತರ ಸಾಲ.

ಸತ್ಯ: 2018ರ ಮಾರ್ಚ್‌ನಲ್ಲಿ ವಾಣಿಜ್ಯ ಬ್ಯಾಂಕುಗಳು ಕೊಟ್ಟ ಪ್ರತಿ 100 ರೂಪಾಯಿಯಲ್ಲಿ 11 ರೂಪಾಯಿಗೂ ಹೆಚ್ಚು ಎನ್‌ಪಿಎ, ಅಂದರೆ ಗಡುವು ಮೀರಿ ಬಾಕಿ ಉಳಿದ ಕೆಟ್ಟ ಸಾಲ ಆಗಿತ್ತು. ಅದರಲ್ಲಿ ಶೇ 85ಕ್ಕೂ ಹೆಚ್ಚು ಪಾಲು 5 ಕೋಟಿ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಸಾಲ ಪಡೆದವರದು. ಆರ್ಥಿಕತೆ ಜೋರಾಗಿದ್ದಾಗ ವಿದ್ಯುತ್, ಉಕ್ಕು, ರಸ್ತೆ ಯೋಜನೆಗಳಿಗೆ ಧಾರಾಳವಾಗಿ ಕೊಟ್ಟ ಸಾಲ, ಬೆಳವಣಿಗೆ ಕುಂದಿದಾಗ ಸಿಕ್ಕಿಬಿತ್ತು. ಕೆಟ್ಟ ಸಾಲದ ಬಿತ್ತನೆ ನಡೆಯುವುದು ಸುಗ್ಗಿಕಾಲದಲ್ಲಿ, ಅದು ಕಣ್ಣಿಗೆ ಬೀಳುವುದು ಬರಗಾಲದಲ್ಲಿ.

ತಪ್ಪು ಕಲ್ಪನೆ 4: ಬೆಳೆ ಹೋದ ಕೂಡಲೇ ಖಾತೆ ಎನ್‌ಪಿಎ ಆಗುತ್ತದೆ, ದಾರಿಯೇ ಇಲ್ಲ.

ಸತ್ಯ: ಸಾಮಾನ್ಯ ಸಾಲ 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಎನ್‌ಪಿಎ. ತೊಗರಿಯಂಥ ಅಲ್ಪಾವಧಿ ಬೆಳೆಯ ಸಾಲ ಎನ್‌ಪಿಎ ಆಗುವುದು ಎರಡು ಬೆಳೆ ಹಂಗಾಮು ಬಾಕಿ ಉಳಿದಾಗ. ಪ್ರಕೃತಿ ವಿಕೋಪದ ಬಗ್ಗೆ ರಿಸರ್ವ್ ಬ್ಯಾಂಕ್ 2018ರಲ್ಲಿ ಕೊಟ್ಟ ನಿರ್ದೇಶನದಲ್ಲಿ, ಶೇ 33ರಿಂದ 50ರಷ್ಟು ಬೆಳೆ ನಷ್ಟವಾದರೆ 2 ವರ್ಷ, ಅದಕ್ಕೂ ಹೆಚ್ಚಾದರೆ 5 ವರ್ಷದವರೆಗೆ ಸಾಲ ತೀರಿಸಲು ಅವಕಾಶವಿತ್ತು.

ಆದ್ದರಿಂದ ಬೆಳೆ ಹೋದ ವರ್ಷ ಬ್ಯಾಂಕಿನವರ ಕಣ್ಣು ತಪ್ಪಿಸಿ ಸಾವಕಾರನ ಬಾಗಿಲಿಗೆ ಹೋಗಬೇಡಿ. ಸಾಲ ಕಟ್ಟುವ ಗಡುವು ಮುಗಿಯುವ ಮೊದಲೇ ಪಹಣಿ, ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ, ಸಾಲದ ಅವಧಿ ವಿಸ್ತರಿಸಲು ಅರ್ಜಿ ಕೊಡಿ, ಅರ್ಜಿ ತಲುಪಿದ್ದಕ್ಕೆ ಸಹಿ, ಮುದ್ರೆ ಹಾಕಿಸಿಕೊಂಡು ಬನ್ನಿ.